ತಡವಾಗಿ ಬಂದವರಿಗೆ ಒಂದು ಸುತ್ತು

ನಮ್ಮ ಡ್ರಿಲ್ ಮೇಷ್ಟರ ಕೊರಳಲ್ಲಿ ಸೀಟಿಯಿಲ್ಲದ ಗಳಿಗೆಯನ್ನು ನಾನು ಕಂಡಿಲ್ಲ. ನಿವೃತ್ತರಾಗಿ ವರ್ಷಗಳುರುಳಿದರೂ, ಮೊಣಕೈ ಸವೆದು ಜಿಪ್ಪು ಅರ್ಧದಲ್ಲೇ ಹಟ ಹಿಡಿದು ನಿಂತ ಆ ನೀಲಿ ಜರ್ಕಿನ್ನಿನ ಮೇಲೆ ಅದು ತೂಗಾಡುತ್ತಲೇ ಇರುತ್ತದೆ. ಉಪ್ಪು ಬೇಕಾದರೂ ಊದುತ್ತಾರೆಂದು ಅವರ ಹೆಂಡತಿ ನಗುತ್ತಾರೆ. ತರಕಾರಿಗೆ ಹೊರಟರೂ ಎಡಗಾಲೇ ಮೊದಲು. ಅವರ ಶಾಸ್ತ್ರದಲ್ಲಿ ಕ್ಷಮೆಯಿಲ್ಲದ ಅಪರಾಧ ಒಂದೇ, ತಡವಾಗಿ ಬರುವುದು. ಬಂದವರು ಯಾರೇ ಆಗಲಿ, ಮೈದಾನಕ್ಕೆ ಒಂದು ಸುತ್ತು ಓಡಲೇಬೇಕು. ಸ್ಥೂಲಕಾಯದ ಮುಖ್ಯೋಪಾಧ್ಯಾಯರೂ ಒಮ್ಮೆ ಏದುಸಿರು ಬಿಡುತ್ತ ಓಡಿದ್ದುಂಟು.

ರೋಗದ ಭಯಕ್ಕೆ ಊರೆಲ್ಲ ಬಾಗಿಲು ಮುಚ್ಚಿದಾಗ ಮೇಷ್ಟರು ನೀರಿನಿಂದ ತೆಗೆದ ಮೀನಾದರು. ಆಗ ಮಗಳು ಫೋನನ್ನು ಕಪಾಟಿನ ಮೇಲೆ ನಿಲ್ಲಿಸಿ, ಬೆಳಗಿನ ಕವಾಯತನ್ನು ಬಂಧುಗಳೂ ಬೀದಿಯವರೂ ತಂತಮ್ಮ ಫೋನಿನಲ್ಲೇ ಕಂಡು ಮಾಡುವಂತೆ ಏರ್ಪಾಡು ಮಾಡಿದಳು. ಮೊದಮೊದಲು ಜನವೋ ಜನ. ತೆರೆಯ ತುಂಬ ಹೆಬ್ಬೆರಳು, ಚಪ್ಪಾಳೆ, ಹೃದಯಗಳ ಸುರಿಮಳೆ. ಆದರೆ ‘ಹಿಂದೆ ತಿರುಗು’ ಎಂದು ಅಪ್ಪಣೆ ಕೊಟ್ಟು ತಾವೂ ತಿರುಗುತ್ತಿದ್ದ ಮೇಷ್ಟರು ಗೋಡೆಗೇ ಎಣಿಕೆ ಹೇಳುವಷ್ಟರಲ್ಲಿ, ಆರಂಭಶೂರರೆಲ್ಲ ಒಬ್ಬೊಬ್ಬರಾಗಿ ಮೆಲ್ಲಗೆ ಜಾರಿಕೊಂಡರು. ಕೊನೆಗೆ ಉಳಿದವರು ಇಬ್ಬರು: ಎದುರುಮನೆಯ ನಾನು, ಮತ್ತು ಮುಖ ತೋರಿಸದೆ ಹೆಸರಷ್ಟೇ ಕಾಣಿಸುತ್ತಿದ್ದ ಅವರ ಅಣ್ಣ.

ಅಣ್ಣ ಕಾಲೇಜಿನಲ್ಲಿ ತರ್ಕಶಾಸ್ತ್ರ ಬೋಧಿಸಿದವರು. “ಕೈಕಾಲು ಆಡಿಸೋದೂ ಒಂದು ವಿದ್ಯೆಯೇನೋ?” ಎಂದು ಯೌವನದಲ್ಲಿ ಹತ್ತು ಜನರೆದುರು ಅಂದಿದ್ದರಂತೆ. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮದುವೆಮನೆಯ ಕುಶಲಪ್ರಶ್ನೆ ಮಾತ್ರ. ಈಗಲೂ ಇಬ್ಬರೂ ಬಾಯಿ ಬಿಡಲಿಲ್ಲ. ಆದರೆ ಆ ಮುಖವಿಲ್ಲದ ಚೌಕದಿಂದ ಕೆಮ್ಮು ಕೇಳಿದ ಮರುದಿನವೇ ಮೇಷ್ಟರು ಜಿಗಿತಗಳನ್ನು ಕೈಬಿಟ್ಟು ಉಸಿರಾಟದ ಪಾಠ ಹೆಚ್ಚಿಸಿದರು. ಕಾರಣ ಕೇಳಿದರೆ, “ವಯಸ್ಸಾದೋರಿಗೆ ಒಳ್ಳೇದು ಕಣ್ರೀ” ಎಂದು ನನ್ನತ್ತಲೇ ಬೆರಳು ತೋರಿಸಿದರು!

ಒಂದು ಬೆಳಗ್ಗೆ ಅಣ್ಣನ ಹೆಸರು ಮೂಡಲಿಲ್ಲ. ಮೇಷ್ಟರು ಸೆಟೆದು ನಿಂತಿದ್ದರು, ಸೀಟಿ ಬಾಯಲ್ಲಿ, ಸದ್ದಿಲ್ಲ.

“ಶುರು ಮಾಡೋಣವಾ, ಮೇಷ್ಟ್ರೇ?” ಎಂದೆ.

“ಹಾಜರಿ ಪೂರ್ತಿ ಆಗಿಲ್ಲ.”

“ಫೋನಾದ್ರೂ ಮಾಡಿ ನೋಡಬಾರದಾ?” ಒಳಗಿನಿಂದ ಅವರ ಹೆಂಡತಿಯ ಧ್ವನಿ.

“ನಿನ್ನೆ ಕೆಮ್ಮು ಜಾಸ್ತಿ ಇತ್ತು. ರಾತ್ರಿಯಿಂದ ಮಾಡ್ತಾನೇ ಇದೀನಿ ಕಣೇ. ಎತ್ತುತ್ತಿಲ್ಲ.”

ಯಾರಿಗೂ ಒಂದು ಕ್ಷಣ ಕಾಯದ ಮನುಷ್ಯ ಅಂದು ಕಾದರು. ಬಿಸಿಲು ಕಪಾಟಿನವರೆಗೆ ಏರಿದ ಮೇಲೆ ಆ ಚೌಕ ಬೆಳಗಿತು. ಮೊದಲ ಬಾರಿಗೆ ಮುಖ ಕಂಡಿತು. ದಿಂಬಿಗೊರಗಿದ, ಗಡ್ಡ ಬೆಳೆದ, ಸೋತ ಮುಖ.

“ಜ್ವರ ಈಗ ಇಳೀತು ಕಣೋ. ತಡ ಆಗೋಯ್ತು... ಮನೆಯೊಳಗೇ ಒಂದು ಸುತ್ತು ಹಾಕ್ಲಾ?”

“ಬೇಡಣ್ಣ,” ಎಂದರು ಮೇಷ್ಟರು. “ಮಲಗಿದ್ದುಕೊಂಡೇ ಉಸಿರು ತಗೋ. ನಿಧಾನ.” ಆಮೇಲೆ ಸೀಟಿ ಊದಲು ಹೋದರು, ಬರೀ ಗಾಳಿ ಬಂತು.

ಅಪ್ಪಣೆಯ ಭಾಷೆಯೊಂದನ್ನೇ ಕಲಿತವರು ಲೋಕದಲ್ಲಿ ಬಹಳ ಮಂದಿ. ಅವರ ಕಟ್ಟುನಿಟ್ಟನ್ನು ಒರಟುತನವೆಂದುಕೊಂಡು ನಾವು ದೂರ ಸರಿಯುತ್ತೇವೆ. ಅಂಥವರು ಜೀವಮಾನವಿಡೀ ಕಾಯ್ದುಕೊಂಡ ನಿಯಮವನ್ನು ಒಬ್ಬರಿಗಾಗಿ ಮುರಿದರೆಂದರೆ, ಅದಕ್ಕಿಂತ ದೊಡ್ಡ ಪ್ರೀತಿಯ ಮಾತನ್ನು ಅವರ ಬಾಯಿಂದ ನಾವು ನಿರೀಕ್ಷಿಸಬಾರದು.