ಜಲಜಾಕ್ಷಿ ಟೀಚರ ರಿವರ್ಸ್ ಗೇರು

ಐವತ್ತೇಳನೆಯ ವಯಸ್ಸಿನಲ್ಲಿ ಜಲಜಾಕ್ಷಿ ಟೀಚರ್ ಲೈಸನ್ಸ್ ಮಾಡಿಸಿಕೊಂಡಾಗ ಪೈವಳಿಕೆಯ ಅರ್ಧ ಊರು ನಕ್ಕಿತ್ತು. ನಗಲಿ, ಬಾಯಿ ಅವರದು ಎಂದು ಟೀಚರ್ ಸುಮ್ಮನಿದ್ದರು. ಆದರೆ ಟೀಚರ ಸ್ವಂತ ಕಾರಿನ ಎರಡೂ ಕೀಲಿಗಳನ್ನು ತಮ್ಮ ಗಣೇಶಪ್ರಸಾದ ಜೇಬಿನಲ್ಲಿಟ್ಟುಕೊಂಡು ತಿರುಗಿದರೆ ಸುಮ್ಮನಿರುವುದು ಹೇಗೆ?

"ಅಗಲ್ಪಾಡಿಗೆ, ನಿನ್ನ ಗೆಳತಿಯ ಮನೆಗೆ, ಡ್ರೈವರ್ ಲತೇಶ ಕರ್ಕೊಂಡು ಹೋಗ್ತಾನೆ ಅಕ್ಕ. ದೊಡ್ಡ ರಸ್ತೆಯಲ್ಲಿ ಬೇಗ ಮುಟ್ತೀ."

"ಬೇಗ ಮುಟ್ಟಿ ಎಂತ ಮಾಡ್ಲಿಕ್ಕುಂಟು? ನಾನು ಒಳರಸ್ತೆಯಲ್ಲೇ ಹೋಗುವುದು. ನಾನೇ ಓಡಿಸುವುದು."

"ಎದುರು ಗಾಡಿ ಬಂದ್ರೆ ರಿವರ್ಸ್ ತೆಗೀಲಿಕ್ಕೆ ಬರ್ತದಾ ನಿನಗೆ?"

ಬರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಕಾರಿಗೆ ಒಂದೇ ಒಂದು ಗೀರು ಬಿದ್ದರೂ ಇನ್ನು ಮುಂದೆ ಲತೇಶನೇ ಓಡಿಸುವುದು ಎಂದು ತಮ್ಮ ಷರತ್ತು ಹಾಕಿದ. ಟೀಚರ್ ಸಿಟ್ಟಿನ ಭರದಲ್ಲಿ ಹೂಂ ಎಂದುಬಿಟ್ಟರು. ಅವನು ಒಂದು ಕೀಲಿ ಕೊಟ್ಟ, ಇನ್ನೊಂದನ್ನು ಜೇಬಿನಲ್ಲೇ ಉಳಿಸಿಕೊಂಡ.

ಪಕ್ಕದ ಸೀಟಿನಲ್ಲಿ ನೆರೆಮನೆಯ ಆಯಿಶುಮ್ಮ ಕೂತರು. ಅವರ ಗಂಡ ಮಮ್ಮಾಲಿ ಬಸ್ ಕಂಡಕ್ಟರ್ ಆಗಿದ್ದವರು. ಕಾರು ಎರಡನೇ ಗೇರಿನಲ್ಲೇ ಗುಡ್ಡ ಹತ್ತಿತು, ಇಳಿಯಿತು. ಒಂದು ಕಡೆ ಬಿಸಿ ಗೋಳಿಬಜೆ ತಿನ್ನಲಿಕ್ಕೆ ನಿಂತಿತು, ಇನ್ನೊಂದು ಕಡೆ ಬರಿದೆ ನವಿಲು ನೋಡಲಿಕ್ಕೆ ನಿಂತಿತು. ಹಿಂದಿನಿಂದ ಹಾರ್ನ್ ಹೊಡೆದವರನ್ನೆಲ್ಲ ಟೀಚರ್ ಕೈಬೀಸಿ ಮುಂದೆ ಕಳಿಸಿದರು. ಮೂವತ್ತು ವರ್ಷ ಶಾಲೆಯ ಬೆಲ್ಲಿಗೆ ಸರಿಯಾಗಿ ಓಡಿದ್ದು ಸಾಕಾಗಿತ್ತು ಅವರಿಗೆ.

ಎರಡೂ ಬದಿಗೆ ಮುರಕಲ್ಲಿನ ದರೆ ಗೋಡೆಯಂತೆ ಎದ್ದಿದ್ದ ಒಂದು ಕಿರಿದಾದ ಇಳಿಜಾರಿನಲ್ಲಿ, ಕಲ್ಲು ಹೇರಿದ ಪಿಕಪ್ ಎದುರಾಯಿತು. ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ಲೈಸನ್ಸಿನ ಪರೀಕ್ಷೆಗೆ ಟೀಚರ್ ಅದನ್ನು ಬಾಯಿಪಾಠ ಮಾಡಿದ್ದರು. ಪಿಕಪ್ಪಿನಿಂದ ಇಳಿದವನು ಅವರ ಹಳೆಯ ಶಿಷ್ಯ ಪ್ರೇಮನಾಥ.

"ಕೀ ಕೊಡಿ ಟೀಚರೇ. ಎರಡು ನಿಮಿಷದಲ್ಲಿ ನಾನು ಹಿಂದೆ ತೆಗೆದು ಕೊಡ್ತೇನೆ."

"ಏಳರ ಮಗ್ಗಿ ಕಲೀಲಿಕ್ಕೆ ನಿನಗೆ ಎಷ್ಟು ದಿನ ಬೇಕಾಯ್ತು ಪ್ರೇಮನಾಥಾ? ಆಗ ನಿನ್ನ ಬದಲಿಗೆ ನಾನು ಹೇಳಿದ್ದೇನಾ?"

ಅಷ್ಟರಲ್ಲಿ ತೋಟದಿಂದ ನಾಲ್ಕು ಜನ ಬಂದು ಸೇರಿದರು. ಒಬ್ಬ ಲೆಫ್ಟ್ ಅಂದ, ಒಬ್ಬ ರೈಟ್ ಅಂದ, ಮತ್ತೊಬ್ಬ ಬಾಗಿಲಿಗೇ ಕೈ ಹಾಕಿದ.

"ಒಬ್ಬರೂ ಮಾತಾಡಬಾರದು!" ಎಂದರು ಟೀಚರ್, ಮೂರನೇ ಕ್ಲಾಸಿನ ದನಿಯಲ್ಲಿ. ಎಲ್ಲರೂ ಕೈಕಟ್ಟಿ ನಿಂತರು.

ಆಯಿಶುಮ್ಮ ಮಾತ್ರ ಇಳಿದು ಹಿಂದೆ ಹೋದರು. "ನಮ್ಮ ಮನೆಯವರ ಬಸ್ಸಿನ ಲೆಕ್ಕ ಟೀಚರೇ. ಎರಡು ತಟ್ಟಿದ್ರೆ ಬನ್ನಿ. ಒಂದು ತಟ್ಟಿದ್ರೆ ನಿಲ್ಲಿ."

ಟಕ್ ಟಕ್. ಕಾರು ಮೊಳದಷ್ಟು ಹಿಂದೆ ಹೋಯಿತು. ಟಕ್. ನಿಂತಿತು. ಮತ್ತೆ ಟಕ್ ಟಕ್. ಟೀಚರ ಅಂಗೈ ಬೆವೆತು ಸ್ಟೇರಿಂಗ್ ಜಾರುತ್ತಿತ್ತು. ಮೂರು ಸಲ ಕಾರು ಆಫ್ ಆಯಿತು, ಮೂರು ಸಲವೂ ಅವರೇ ಸ್ಟಾರ್ಟ್ ಮಾಡಿದರು. ತಿರುವಿನಲ್ಲಿ ಆಯಿಶುಮ್ಮನ ಚಪ್ಪಲಿ ಜಾರಿ ಒಂಟಿ ಟಕ್ ತಡವಾಯಿತು. ಎಡಬದಿ ದರೆಗೆ ಕರಕರನೆ ಉಜ್ಜಿತು. ಟೀಚರ್ ಕಣ್ಣು ಮುಚ್ಚಿ ತೆರೆದರು, ಹಲ್ಲು ಕಚ್ಚಿ ಮತ್ತೆ ಹಿಂದೆ ತೆಗೆದರು. ಅಗಲದ ಜಾಗ ಸಿಕ್ಕಾಗ ಇಪ್ಪತ್ತು ನಿಮಿಷ ಕಳೆದಿತ್ತು. ಪಿಕಪ್ ದಾಟುವಾಗ ಪ್ರೇಮನಾಥ ಕೈಯೆತ್ತಿ ನಮಸ್ಕಾರ ಮಾಡಿದ.

ಅಗಲ್ಪಾಡಿಯಲ್ಲಿ ಗೆಳತಿ ದೇವಕಿಯ ಮನೆಯಲ್ಲಿ ಊಟ ಮಾಡಿ, ಸಂಜೆ ಅದೇ ಒಳರಸ್ತೆಯಲ್ಲಿ ಹಿಂದಿರುಗಿದರು. ಗಣೇಶಪ್ರಸಾದ ಅಂಗಳದಲ್ಲೇ ಕಾಯುತ್ತಿದ್ದ. ಕಾರಿಗೆ ಒಂದು ಸುತ್ತು ಹಾಕಿ, ಎಡಬದಿಯ ಉದ್ದ ಗೀರಿನ ಮೇಲೆ ಬೆರಳಾಡಿಸಿದ.

"ಇದೆಂತ ಅಕ್ಕ?"

"ಗೀರು. ನಾನೇ ಹಾಕಿದ್ದು."

"ಹಾಗಾದ್ರೆ ನಾಳೆಯಿಂದ ಲತೇಶ."

"ಬೆಳಿಗ್ಗೆ ನಿನ್ನ ಷರತ್ತಿಗೆ ಒಪ್ಪಿದ್ದು ನನ್ನ ಬುದ್ಧಿಗೇಡಿತನ. ನಿನ್ನ ಬೈಕಿನಲ್ಲಿ ಎಷ್ಟು ಗೀರುಂಟು? ನಾನು ಯಾವತ್ತಾದರೂ ಅದರ ಕೀಲಿ ತೆಗೆದಿಟ್ಟಿದ್ದೇನಾ?" ಟೀಚರ್ ಕಿಟಕಿಯಿಂದ ಕೈ ಚಾಚಿದರು. "ಇನ್ನೊಂದು ಕೀಲಿ ಕೊಡು."

ಅವನು ಆಯಿಶುಮ್ಮನ ಮುಖ ನೋಡಿದ. ಅಲ್ಲಿಯೂ ಕರುಣೆ ಇರಲಿಲ್ಲ. ನಿಧಾನವಾಗಿ ಕೀಲಿ ತೆಗೆದು ಅಕ್ಕನ ಕೈಗಿಟ್ಟ. ಆಮೇಲೆ ಅಭ್ಯಾಸಬಲದಿಂದ ಡ್ರೈವರ್ ಬಾಗಿಲು ತೆರೆಯಲು ಬಂದ. ದಿನಾ ಕಾರನ್ನು ಹಿಮ್ಮುಖವಾಗಿ ಶೆಡ್ಡಿಗೆ ಹಾಕುತ್ತಿದ್ದವನು ಅವನೇ.

"ಆಚೆ ನಿಲ್ಲು ಮಾರಾಯ, ಕಾಲಿಗೆ ತಾಗೀತು," ಎಂದು ಟೀಚರ್ ರಿವರ್ಸ್ ಗೇರು ಹಾಕಿದರು.

ಆಯಿಶುಮ್ಮ ಹಿಂದೆ ಹೋಗಿ ಡಿಕ್ಕಿಯ ಮೇಲೆ ಎರಡು ಸಲ ತಟ್ಟಿದರು.