ಸೀಸೆಯ ಮೇಲಿನ ಹೆಂಗಸು

ಯುದ್ಧ ನಡೆಯುತ್ತಿದ್ದ ಕಾಲ. ಸಕ್ಕರೆ ರೇಷನ್ನಿಗೆ ಬಿದ್ದಿತ್ತು. ರಾಯಕೋಟೆಯ ರಾಮಲಕ್ಷ್ಮಮ್ಮ ಅದಕ್ಕೆ ತಲೆ ಕೆಡಿಸಿಕೊಳ್ಳದೆ ತನ್ನ ನನ್ನಾರಿ ಶರಬತ್ತನ್ನು ಬೆಲ್ಲದ ಪಾಕದಲ್ಲೇ ಮಾಡುತ್ತಿದ್ದಳು. ಅಂಚೆಟ್ಟಿ ಕಾಡಿನಿಂದ ಬರುತ್ತಿದ್ದ ನನ್ನಾರಿಯ, ಅಂದರೆ ಸೊಗದೆಯ, ಬೇರನ್ನು ತೊಳೆದು, ಜಜ್ಜಿ, ನಡುವಿನ ನಾರು ಎಳೆದು ಬಿಸಾಕಿ, ಬಿಸಿನೀರಲ್ಲಿ ನೆನೆಹಾಕುವಳು. ಆ ಬೇರಿನ ವಾಸನೆ ಬೀದಿಯ ತಿರುವಿನ ತನಕ ಬರುತ್ತಿತ್ತು. ಬೇಸಿಗೆ ಬಂತೆಂದು ಆ ಬೀದಿಯವರಿಗೆ ಗೊತ್ತಾಗುತ್ತಿದ್ದುದು ಬಿಸಿಲಿನಿಂದಲ್ಲ, ಆ ವಾಸನೆಯಿಂದ.

ಗಂಡ ಆವುಲಪ್ಪ ತೀರಿಕೊಂಡ ಮೇಲೆ ಅವಳಿಗೆ ಉಳಿದಿದ್ದ ಕಸುಬು ಅದೊಂದೇ. ಕೃಷ್ಣಗಿರಿಯಲ್ಲಿದ್ದ ಅವಳಣ್ಣ ಚಿನ್ನಸ್ವಾಮಿ ಬಂದಾಗಲೆಲ್ಲ, ನಮ್ಮನೆಗೆ ಬಂದುಬಿಡು, ಮಕ್ಕಳನ್ನು ನೋಡಿಕೊಂಡು ಇರು ಅನ್ನುತ್ತಿದ್ದ. ಪ್ರೀತಿಯಿಂದಲೇ ಅನ್ನುತ್ತಿದ್ದ. ಆದರೆ ಆ ಮನೆಗೆ ಹೋದರೆ ತಾನು ಒಲೆ ಮುಂದೆ ಕೂತವಳು ಮತ್ತೆ ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಶರಬತ್ತು ನಡೆಯುವಷ್ಟು ದಿನ ತನ್ನ ಹೊಸ್ತಿಲು ತನ್ನದು.

ಶರಬತ್ತು ಮಾರುತ್ತಿದ್ದವನು ಹೊಸೂರು ಪೇಟೆಯ ಮುತ್ತರಾಯಪ್ಪ. ಆ ವರ್ಷ ಅವನ ಅಂಗಡಿಗೆ ಸೇಲಂನಿಂದ ಬಣ್ಣದ ಲೇಬಲ್ಲು ಅಂಟಿಸಿದ ಶರಬತ್ತು ಬಂತು. ರಾಮಲಕ್ಷ್ಮಮ್ಮನ ಸೀಸೆಗಳೋ, ಬೆಂಗಳೂರು ದಂಡಿನಿಂದ ಬಂದ ಹಳೇ ಬೀರು ಸೀಸೆಗಳು, ಬಾಯಿಗೆ ಬಟ್ಟೆ ಕಟ್ಟಿದವು. ಅವಳ ಮೈದುನ ಮುನಿಕೃಷ್ಣಪ್ಪ ಸೀಸೆಗಳನ್ನು ಇಳಿಸಲು ಹೋದಾಗ ಮುತ್ತರಾಯಪ್ಪ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ.

"ನೋಡ್ಲಾ ಮುನಿಕೃಷ್ಣ. ಅದು ಮದ್ವೆ ಹೆಣ್ಣು ನಿಂತಂಗೆ ನಿಂತದೆ. ನಿಮ್ದು ಹಲ್ಲುನೋವು ಬಂದೋನು ಕೆನ್ನೆಗೆ ಬಟ್ಟೆ ಕಟ್ಕೊಂಡಂಗದೆ. ರುಚಿ ನಂಗೊತ್ತು, ಬಂದೋರಿಗೆ ಗೊತ್ತಾಗ್ಬೇಕಲ್ಲ?"

ಬೇಸಿಗೆ ಶುರುವಾಗುವುದರೊಳಗೆ ಲೇಬಲ್ಲು ಅಂಟಿಸಿ ತಾ, ಇಲ್ಲದಿದ್ದರೆ ಮುಂದಿನ ಹಲಗೆ ಸೇಲಂನವರಿಗೆ ಅಂದುಬಿಟ್ಟ.

ಮುನಿಕೃಷ್ಣಪ್ಪ ಹೊಸೂರಿನಲ್ಲಿ ಸಂಜೆ ಪಾಠಕ್ಕೆ ಹೋಗಿ ಅಕ್ಷರ ಬರೆಯುವುದು, ಚಿತ್ರ ಬಿಡಿಸುವುದು ಕಲಿತಿದ್ದ. ಅಂಗಡಿ ಬೋರ್ಡು ಬರೆಯುವುದು ಅವನ ಕೆಲಸ. ಒಂದು ಅಕ್ಷರ ಬರೆದರೆ ಏಣಿಯಿಂದಿಳಿದು ರಸ್ತೆಯಾಚೆ ನಿಂತು ನೋಡಿ, ಮತ್ತೆ ಹತ್ತಿ ಒರೆಸುವ ಸ್ವಭಾವ. ಅತ್ತಿಗೆಯ ಹಲಗೆ ತನ್ನ ಕೈಮೇಲೆ ನಿಂತಿದೆ ಎಂದಾಗ ಅವನಿಗೆ ಊಟ ಸೇರಲಿಲ್ಲ. ಬರೆದದ್ದೆಲ್ಲ ಔಷಧಿ ಚೀಟಿಯ ಹಾಗೆ ಕಾಣುತ್ತಿತ್ತು.

ಆಗ ಅವನ ಕಣ್ಣಿಗೆ ಬಿದ್ದದ್ದು ಅದೇ ಬೀದಿಯ ನಾರಾಯಣಪ್ಪನ ಎಲೆಅಡಿಕೆ ಡಬ್ಬಿ. ನಾರಾಯಣಪ್ಪ ಬೆಂಗಳೂರಿನ ಶಿಬಿರಕ್ಕೆ, ಇಟಲಿಯ ಸೆರೆಯಾಳುಗಳನ್ನು ಇಟ್ಟಿದ್ದ ಕಡೆಗೆ, ಗಾಡಿಯಲ್ಲಿ ತರಕಾರಿ ಹಾಕುತ್ತಿದ್ದ. ಅಲ್ಲಿ ಒಬ್ಬ ಸೆರೆಯಾಳು ಹುರಿಗಡಲೆಗೆ ಬದಲಾಗಿ ಕೊಟ್ಟ ಖಾಲಿ ಬಿಸ್ಕತ್ತಿನ ಡಬ್ಬಿಯಂತೆ ಅದು. ಮುನಿಕೃಷ್ಣಪ್ಪ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ.

ಹೊತ್ತು ಮುಳುಗಿದ ಮೇಲೆ ರಾಯಕೋಟೆ ಬೆಟ್ಟದ ಹಿಂದೆ ಸ್ವಲ್ಪ ಹೊತ್ತು ಉಳಿಯುತ್ತದಲ್ಲ, ಅಂಥ ನೀಲಿ. ಅಂಚಿಗೆ ಕೂದಲೆಳೆಯಷ್ಟು ಸಣ್ಣ ಚಿನ್ನದ ಗೆರೆ. ಮೂಲೆಗಳಲ್ಲಿ ಎಲೆಸಮೇತ ನಿಂಬೆಹಣ್ಣು, ಒಂದೊಂದರ ಮೇಲೂ ಬೆಳಕು ಬಿದ್ದ ಬಿಳಿ ಮಚ್ಚೆ. ನಡುವೆ ಸೊಂಟದ ಮೇಲೆ ಬುಟ್ಟಿ ಹೊತ್ತ ಹೆಂಗಸು, ಯಾರೋ ಕರೆದ ಹಾಗೆ ಕತ್ತು ತಿರುಗಿಸಿದ್ದಳು. ಮುಚ್ಚಳ ತೆಗೆದರೆ ಅದರ ಒಳಗಡೆಯೂ ಒಂದು ಚಿನ್ನದ ಹೂವು. ಒಳಗೆ ಯಾರು ನೋಡುತ್ತಾರೆ? ತಿಂದು ಮುಗಿಸುವ ಪದಾರ್ಥಕ್ಕೆ, ಎಸೆದುಬಿಡುವ ಡಬ್ಬಿಗೆ, ಇಷ್ಟು ಪ್ರೀತಿ ಖರ್ಚು ಮಾಡಿದ್ದರಲ್ಲ ಎಂದು ಅವನಿಗೆ ಆಶ್ಚರ್ಯ. ಆಮೇಲೆ ಎಷ್ಟೋ ವರ್ಷ, ಬೋರ್ಡು ಬರೆಯುವಾಗೆಲ್ಲ ಆ ನೀಲಿ ಅವನ ಕಣ್ಣಲ್ಲಿತ್ತು; ಅದನ್ನು ಕಲೆಸಲು ಮಾತ್ರ ಅವನಿಗೆ ಕೊನೆಯವರೆಗೂ ಬರಲಿಲ್ಲ.

ಡಬ್ಬಿ ಎರವಲು ತಂದು ಎದುರಿಗಿಟ್ಟುಕೊಂಡು ಬರೆದ. ನಿಂಬೆ ಹಾಗೇ ಇತ್ತು. ನನ್ನಾರಿಗೆ ನಿಂಬೆ ಹಿಂಡುತ್ತಾರಲ್ಲ. ಹೆಂಗಸು ಹಾಗೇ ಇದ್ದಳು. ಆದರೆ ಅವಳ ಬರೀ ಹಣೆ ನೋಡಿ ಕೈ ನಿಂತಿತು. ಮದುವೆಮನೆಗೆ ಕೊಂಡೊಯ್ಯುವ ಸೀಸೆ ಇದು, ಬೋಳು ಹಣೆಯವಳನ್ನು ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ ಎಂದು ಯೋಚಿಸಿದ. ಯೋಚಿಸಿದ್ದಕ್ಕೇ ನಾಚಿಕೆಯಾಗಿ, ಅಡಿಗೆಮನೆಯ ಕಡೆ ನೋಡಿದ. ಅಲ್ಲಿ ಅತ್ತಿಗೆ ಪಾಕ ತಿರುವುತ್ತಿದ್ದಳು. ಅವನು ಬೇಗಬೇಗ ಒಂದು ಕುಂಕುಮದ ಬೊಟ್ಟು ಇಟ್ಟು, ತಲೆಮೇಲೆ ಸೆರಗು ಎಳೆದುಬಿಟ್ಟ.

ಬೆಂಗಳೂರಿನ ಕಲ್ಲಚ್ಚಿನ ಪ್ರೆಸ್ಸಿನವರು ಅದನ್ನು ಬಣ್ಣಕ್ಕೊಂದು ಕಲ್ಲಿನಂತೆ ಮೂರು ಬಣ್ಣದಲ್ಲಿ ಅಚ್ಚುಹಾಕಿಕೊಟ್ಟರು. ಚಿನ್ನದ ಗೆರೆ ಅರಿಸಿನದ ಬಣ್ಣವಾಯಿತು, ನೀಲಿ ಸ್ವಲ್ಪ ಮಂಕಾಯಿತು. ಆದರೂ ಸೀಸೆಗೆ ಅಂಟಿಸಿದಾಗ ಮುತ್ತರಾಯಪ್ಪ ಕೈಯೊರೆಸಿಕೊಂಡು ಮುಟ್ಟಿದ. ಸೇಲಂನ ಸೀಸೆಗಳು ಹಿಂದಿನ ಹಲಗೆಗೆ ಹೋದವು. ಸೂಳಗಿರಿಯಿಂದಲೂ ಕೇಳಿಕೊಂಡು ಬಂದರು. ಇದ್ದಿಲು ಗ್ಯಾಸಿನ ಬಸ್ಸಿನ ಡ್ರೈವರು ಕೂಡ ಒಂದನ್ನು ಕೊಂಡು ತನ್ನ ಸೀಟಿನ ಪಕ್ಕ ನಿಲ್ಲಿಸಿಕೊಂಡ.

ಸೀಸೆಗಳು ಮಾತ್ರ ವಾಪಸು ಬರಲಿಲ್ಲ.

ಖಾಲಿ ಸೀಸೆ ತಂದವರಿಗೆ ತುಂಬಿದ ಸೀಸೆ, ಇದು ಮೊದಲಿನಿಂದ ನಡೆದುಬಂದ ಪದ್ಧತಿ. ಯುದ್ಧಕಾಲದಲ್ಲಿ ಹೊಸ ಸೀಸೆ ಎಲ್ಲಿಂದ ಬರಬೇಕು? ಜನ ಸೀಮೆಎಣ್ಣೆ ಸೀಸೆ, ಔಷಧಿ ಸೀಸೆ ತಂದು ಇದಕ್ಕೇ ಹಾಕಿಕೊಡಿ ಅಂದರು. ಮುನಿಕೃಷ್ಣಪ್ಪ ತಾನೇ ಮನೆಮನೆಗೆ ಹೋಗಿ ಕೇಳಿದ. ಸೂಳಗಿರಿಯಲ್ಲಿ ಅಂಜಮ್ಮ ಅನ್ನುವವಳ ಮನೆಯಲ್ಲಿ ಅವನಿಗೆ ವಿಷಯ ತಿಳಿಯಿತು. ದೇವರ ಗೂಡಿನಲ್ಲಿ, ದೀಪದ ಪಕ್ಕದಲ್ಲಿ, ಹೂವು ಮುಡಿದು ನಿಂತಿತ್ತು ಸೀಸೆ. ಬುಟ್ಟಿ ಹೊತ್ತವಳು ಧನಲಕ್ಷ್ಮಿಯಂತೆ. ಅಂಜಮ್ಮ ಕೊಡುವುದಿಲ್ಲ ಅಂದಳು. ಬಂದ ಲಕ್ಷ್ಮಿಯನ್ನು ಹೊರಗೆ ಕಳಿಸುತ್ತಾರೆಯೇ, ಅದರಲ್ಲೂ ಶುಕ್ರವಾರ?

ನಾಳೆ ಶನಿವಾರ ಬರಲೇ ಅಂದ. ಅವಳು ನಕ್ಕು ಒಳಗೆ ಹೋದಳು.

ಮಿಕ್ಕ ಮನೆಗಳಲ್ಲೂ ಅದೇ ಕಥೆ. ಮನೆಗೆ ಬಂದಾಗ ಪಾಕ ತುಂಬಿದ ಕೊಳಗ ಕಾಯುತ್ತಿತ್ತು, ತುಂಬಿಸಲು ಸೀಸೆ ಇರಲಿಲ್ಲ. ಕೊಳಗದಲ್ಲೇ ಬಿಟ್ಟರೆ ಪಾಕ ಹುಳಿಯಾಗುತ್ತದೆ. ಮುತ್ತರಾಯಪ್ಪ ಒಂದು ವಾರ ಕಾಯುತ್ತೇನೆ ಅಂದಿದ್ದ. ಚಿನ್ನಸ್ವಾಮಿಯೂ ಹಬ್ಬಕ್ಕೆ ಬರುವವನಿದ್ದ, ಈ ಸಲ ಗಾಡಿಯನ್ನೇ ತರುತ್ತೇನೆ ಎಂದು ಹೇಳಿಕಳಿಸಿದ್ದ.

ಮುನಿಕೃಷ್ಣಪ್ಪ ಎಲ್ಲವನ್ನೂ ಹೇಳಿ, ತಪ್ಪು ತನ್ನದೇ, ಅಷ್ಟು ಚೆನ್ನಾಗಿ ಬರೆಯಬಾರದಿತ್ತೇನೋ, ಹೆಂಗಸನ್ನು ತೆಗೆದು ಬರೀ ನಿಂಬೆಹಣ್ಣು ಬರೆಯುತ್ತೇನೆ ಅಂದ. ಹೊಸದಾಗಿ ಬರೆದು ಹೊಸ ಕಲ್ಲು ಮಾಡಿಸಲು ದಿನ ಹಿಡಿಯುತ್ತದೆ ಎಂಬುದು ಅವನಿಗೂ ಗೊತ್ತಿತ್ತು. ರಾಮಲಕ್ಷ್ಮಮ್ಮ ಉಳಿದಿದ್ದ ಲೇಬಲ್ಲುಗಳಲ್ಲಿ ಒಂದನ್ನು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

"ಡಬ್ಬಿ ಮ್ಯಾಲಿರೋಳ್ಗೆ ಬೊಟ್ಟಿಲ್ವಲ್ಲ. ನೀನ್ಯಾಕಿಟ್ಟೆ?"

ಅವನು ಉಳಿದ ಲೇಬಲ್ಲುಗಳನ್ನು ಜೋಡಿಸತೊಡಗಿದ.

"ಬೊಟ್ಟು ಇಟ್ಟಿದ್ಕೇ ಲಕ್ಷ್ಮಿ ಆದ್ಲು. ತೆಗೆದ್ಬುಡು. ಬೋಳು ಹಣೇವ್ಳ್ನ ಯಾರೂ ಗೂಡಲ್ಲಿ ಮಡಗಲ್ಲ ಕಣಪ್ಪ. ನಂಗಿಂತ ಚೆನ್ನಾಗಿ ಯಾರ್ಗೊತ್ತು?"

ಸಿಟ್ಟಿನಿಂದ ಹೇಳಿದ್ದಲ್ಲ. ಪಾಕಕ್ಕೆ ಬೆಲ್ಲ ಕಡಿಮೆಯಾಗಿದೆ ಅನ್ನುವಷ್ಟು ಸಲೀಸಾಗಿ ಹೇಳಿದಳು. ತನ್ನ ಅಣ್ಣ ಆವುಲಪ್ಪನ ಕರ್ಮದ ದಿನ ಊರ ಮುದುಕಿಯರು ಇವಳ ಹಣೆ ಒರೆಸಿದ್ದನ್ನು ಮುನಿಕೃಷ್ಣಪ್ಪ ಬಾಗಿಲ ಸಂದಿಯಿಂದ ನೋಡಿದ್ದ. ಈಗ ಅದೇ ಕೆಲಸವನ್ನು ತನ್ನ ಕೈಯಲ್ಲಿ ಮಾಡಿಸುತ್ತಿದ್ದಾಳೆ. ಆಗಲ್ಲ ಅತ್ಗೆ ಅಂದ. ಹಾಗಾದರೆ ನಾನು ಪೆಟ್ಟಿಗೆ ಕಟ್ಟುತ್ತೇನೆ, ಅಣ್ಣನ ಗಾಡಿ ಬರುತ್ತದೆ ಅಂದಳು.

ಮರುದಿನ ಬೆಂಗಳೂರಿಗೆ ಹೋದ. ಪ್ರೆಸ್ಸಿನವನು, ಅಷ್ಟೇನಾ, ಕೆಂಪು ಬಣ್ಣದ ಕಲ್ಲಿನ ಮೇಲೆ ಆ ಒಂದು ಚುಕ್ಕೆ ಉಜ್ಜಿಬಿಟ್ಟರಾಯಿತು, ಈಗಲೇ ಆಗುತ್ತದೆ ಅಂದ. ಮುನಿಕೃಷ್ಣಪ್ಪ ಹೂಂ ಅಂದು, ಉಜ್ಜುವಷ್ಟು ಹೊತ್ತು ಬೀದಿಗೆ ಹೋಗಿ ನಿಂತುಕೊಂಡ.

ಸಿಕ್ಕಸಿಕ್ಕವರನ್ನು ಬೇಡಿ ತಂದ ಸೀಸೆಗಳಿಗೆ ಹೊಸ ಲೇಬಲ್ಲು ಅಂಟಿಸಿದರು. ಕೊಳ್ಳುತ್ತಾರೋ ಇಲ್ಲವೋ ಎಂದು ಅವನು ಅಂಗಡಿಯ ಎದುರಿನ ಮರದ ಕೆಳಗೆ ನಿಂತು ನೋಡುತ್ತಿದ್ದ. ಇವಳಿಗೆ ಬೊಟ್ಟೇ ಇಲ್ಲವಲ್ಲ ಎಂದು ಒಬ್ಬಳು ಅನುಮಾನಪಟ್ಟಳು. ಮುತ್ತರಾಯಪ್ಪ ಒಂದು ಕ್ಷಣವೂ ತಡೆಯದೆ, "ಬಿಳೀ ದೊರೆಸಾನಿ ಕಣಮ್ಮ, ಅವ್ರಲ್ಲಿ ಇಡಲ್ಲ" ಅಂದ. ಅವಳು ಕೊಂಡುಹೋದಳು. ಹಿಂದೆಯೇ ಇನ್ನೊಬ್ಬಳು ಬಂದಳು.

ಹಬ್ಬ ಇನ್ನೂ ದೂರವಿದ್ದಾಗಲೇ ಮುತ್ತರಾಯಪ್ಪ ಒಂದು ಬುಟ್ಟಿ ಖಾಲಿ ಸೀಸೆ ಕಳಿಸಿದ. ರಾಮಲಕ್ಷ್ಮಮ್ಮ ಬಾವಿಕಟ್ಟೆಯ ಹತ್ತಿರ ಕೂತು ಒಂದೊಂದಾಗಿ ತೆಗೆದಳು. ಮೊದಲನೆಯದನ್ನು ತಿರುಗಿಸಿದವಳು ಅದನ್ನು ಕೆಳಗಿಟ್ಟು ಇನ್ನೊಂದನ್ನು ತೆಗೆದಳು. ಅದರಲ್ಲೂ ಹಾಗೇ ಇತ್ತು. ಕಾಗದದ ಹೆಂಗಸಿನ ಹಣೆಗೆ ಯಾರೋ ಬೆರಳಿನಿಂದ ಕುಂಕುಮ ಇಟ್ಟಿದ್ದರು. ಎಲ್ಲದರಲ್ಲೂ ಇರಲಿಲ್ಲ, ಬಹಳಷ್ಟರಲ್ಲಿ ಇತ್ತು. ಒಂದರಲ್ಲಿ ನೆಟ್ಟಗೆ, ಒಂದರಲ್ಲಿ ಹುಬ್ಬಿಗೆ ಮೆತ್ತಿಕೊಂಡು. ಇನ್ನೊಂದರಲ್ಲಿ ಅರಿಸಿನವೂ ಇತ್ತು.

ಏನಿದು ಅಂದಳು. ಮುನಿಕೃಷ್ಣಪ್ಪ ಸೂಳಗಿರಿಗೆ ಹೋಗಿದ್ದಾಗ ಕೇಳಿಕೊಂಡು ಬಂದಿದ್ದ, ಆದರೆ ಹೇಳಲೋ ಬೇಡವೋ ಎಂದು ಎರಡು ದಿನದಿಂದ ಒದ್ದಾಡುತ್ತಿದ್ದ. ದೊರೆಸಾನಿ ದೇವರಲ್ಲ, ಹಾಗಾಗಿ ವಾಪಸು ಕೊಟ್ಟರಂತೆ. ಆದರೆ ಹೊಸ ಲೇಬಲ್ಲಿನ ಸೀಸೆ ಕೊಡುವಾಗ ಅಂಜಮ್ಮ ಹೀಗಂದಳಂತೆ:

"ಯಾರ ಮನೆ ಹೆಂಗ್ಸೋ ಏನೋ, ಇಷ್ಟು ದಿನ ನಮ್ಮನೇಲಿದ್ಲು. ಕುಂಕುಮ ಇಡ್ದೆ ಹಂಗೇ ಕಳ್ಸಕ್ಕಾಯ್ತದಾ?"

ಗಂಡ ಹೋದ ಮೇಲೆ ರಾಮಲಕ್ಷ್ಮಮ್ಮ ಎಷ್ಟೋ ಮನೆಗಳ ಹೊಸ್ತಿಲು ದಾಟಿ ಬಂದಿದ್ದಳು, ಬೇರೆ ಹೆಂಗಸರಿಗೆ ಕುಂಕುಮದ ಬಟ್ಟಲು ಹಿಡಿಯುವಾಗ ತಾನೇ ಪಕ್ಕಕ್ಕೆ ಸರಿದು ನಿಂತು. ಸೀಸೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಬಿಸಿನೀರು ತರಲು ಹೇಳಿ, ಲೇಬಲ್ಲಿಗೆ ಒಂದು ಹನಿಯೂ ತಾಕದ ಹಾಗೆ ಸೀಸೆಯ ಕತ್ತು ಹಿಡಿದು, ಒಳಗಡೆ ಮಾತ್ರ ತೊಳೆಯತೊಡಗಿದಳು.