ಕುಂಚಿಗೆಯ ಅಂಚು

ಕುಲಗೋಡದ ಆ ಓಣಿಯಲ್ಲಿ ರಾಮವ್ವ ಹೊಲಿದ ಕುಂಚಿಗೆ ತೊಡದ ಕೂಸು ಇರಲಿಲ್ಲ. ಹಳೆಯ ಸೀರೆಯ ಮೆತ್ತನೆಯ ತುಂಡು, ಒಳಗೊಂದು ಪದರು ಧೋತರದ ಬಟ್ಟೆ, ನೆತ್ತಿಗೊಂದು ಬಣ್ಣದ ಗೊಂಡೆ. ನೆತ್ತಿಯಿಂದ ಬೆನ್ನಿನವರೆಗೆ ಕೂಸು ಬೆಚ್ಚಗಿರುತ್ತಿತ್ತು. ಆದರೆ ಸ್ವಂತ ಮೊಮ್ಮಗಳು ಮಾಯಕ್ಕನಿಗೆ ಹೊಲಿದ ಕುಂಚಿಗೆಗೆ ಮಾತ್ರ ರಾಮವ್ವ ಎಡಗಡೆ ನಾಲ್ಕು ಬೆರಳಗಲದ ಪಟ್ಟಿಯೊಂದನ್ನು ಹೆಚ್ಚಿಗೆ ಜೋಡಿಸಿದ್ದಳು. ಅದು ಇಳಿದು ಕೂಸಿನ ಕಣ್ಣನ್ನೇ ಮುಚ್ಚುತ್ತಿತ್ತು.

ಹುಟ್ಟಿದ ಹದಿನೈದನೇ ದಿನ ಮಾಯಕ್ಕನ ಎಡ ರೆಪ್ಪೆಯ ಮೇಲೆ ಕುಂಕುಮದ ಬೊಟ್ಟಿನಷ್ಟು ಕೆಂಪು ಕಲೆ ಕಾಣಿಸಿತ್ತು. ಎರಡು ತಿಂಗಳು ತುಂಬುವಷ್ಟರಲ್ಲಿ ಅದು ಬಾರೆಹಣ್ಣಿನಷ್ಟು ಉಬ್ಬಿತು. ಪಕ್ಕದ ಮನೆಯ ಸೀತವ್ವ ನೋಡಿದವಳೇ, "ಬಸರಿದ್ದಾಗ ಗ್ರಹಣದಾಗ ಏನರ ಹೆಚ್ಚಿದ್ದೇನ ವಿಜಿ?" ಎಂದಳು. ಸೊಸೆ ವಿಜಯಲಕ್ಷ್ಮಿಯ ಮುಖ ಸಣ್ಣದಾಯಿತು. ಹಸಿವು ತಡೆಯದೆ ಅವಳು ಆ ದಿನ ನಾಲ್ಕು ಬದನೆಕಾಯಿ ಹೆಚ್ಚಿದ್ದು ನಿಜ. ರಾಮವ್ವ ಸೊಸೆಯನ್ನು ಬೈದಳು, ಮೊಮ್ಮಗಳನ್ನು ಎದೆಗವಚಿಕೊಂಡು ಅತ್ತಳು. ಊರವರ ಬಾಯಿ ಮುಚ್ಚಿಸಲು ಆಗುವುದಿಲ್ಲವೆಂದು ಕೂಸಿನ ಕಣ್ಣು ಮುಚ್ಚಿದಳು.

ಅಂಗನವಾಡಿಯಲ್ಲಿ ಲಸಿಕೆ ಹಾಕುವ ದಿನ ಬಂತು. ನರ್ಸ್ ಆಮ್ರಪಾಲಿ, "ಕುಂಚಿಗಿ ತಗೀರಿ ಆಯಿ, ಕೂಸಿನ ಮಾರಿ ನೋಡ್ತೀನಿ" ಎಂದಳು.

"ಸೂಜಿ ತೊಡಿಗೆ ಹಾಕೋದಲ್ಲೇನ್ರಿ ಬಾಯಾರ? ಮಾರಿ ಯಾಕ ಬೇಕು?"

ಆಮ್ರಪಾಲಿ ನಕ್ಕು ತಾನೇ ಕುಂಚಿಗೆಯ ಕಸೆ ಬಿಚ್ಚಿದಳು. ನಗು ನಿಂತಿತು. ಬೈಯಲಿಲ್ಲ. ಅಂಗೈಯಿಂದ ಕೂಸಿನ ಎಡಗಣ್ಣು ಮರೆಮಾಡಿದಳು. ಮಾಯಕ್ಕ ಅವಳನ್ನೇ ನೋಡುತ್ತ ಕೈಕಾಲು ಬಡಿದಳು. ಬಲಗಣ್ಣು ಮರೆಮಾಡಿದಳು, ಕೂಸು ತಲೆ ಕೊಸರಿ ಕಿರುಚಿತು.

"ಒಮ್ಮೆ ನೀವ ಮಾಡಿ ನೋಡ್ರಿ ಆಯಿ."

ರಾಮವ್ವ ಮಾಡಿ ನೋಡಿದಳು. ಬಲಗಣ್ಣು ಮುಚ್ಚಿದೊಡನೆ ಕೂಸು ಮತ್ತೆ ಅತ್ತಿತು.

"ಕಲೆ ಭಾರಕ್ಕ ರೆಪ್ಪಿ ಇಳದೈತಿ. ಮ್ಯಾಲ ನಿಮ್ಮ ಪಟ್ಟಿ ಬ್ಯಾರೆ," ಎಂದಳು ಆಮ್ರಪಾಲಿ. "ನೋಡೂದನ್ನೂ ಕಣ್ಣು ಕಲೀಬೇಕ್ರಿ. ಈಗ ಕಲೀಲಿಲ್ಲಂದ್ರ ಮುಂದ ರೆಪ್ಪಿ ತೆರೆದ್ರೂ ಸರಿಯಾಗಿ ಕಾಣೂದಿಲ್ಲ. ನಾಳೆನ ಗೋಕಾಕಕ್ಕ ಹೋಗ್ರಿ."

"ಗ್ರಹಣದ ದೋಷಕ್ಕ ಡಾಕ್ಟರ್ ಏನ್ ಮಾಡ್ತಾರ? ಅಮಾಸಿಗೆ ಚಿಂಚಲಿ ದೇವಿ ಗುಡಿಗೆ ಹೋಗಿ ಬರಬೇಕಂತ ಮಾಡೇವಿ."

"ಚಿಂಚಲಿಗೂ ಹೋಗ್ರಿ, ಯಾರು ಬ್ಯಾಡ ಅಂದ್ರು? ದೇವಿ ಕಾಯ್ತಾಳ. ಕಣ್ಣು ಕಾಯೂದಿಲ್ಲ."

ಮರುದಿನ ಮಗ ಭೀಮಶಿ ಕುರಿ ಮೇಯಲು ಬಿಡುವ ಮೊದಲೇ ಅತ್ತೆ-ಸೊಸೆಯನ್ನು ಗೋಕಾಕದ ಬಸ್ಸು ಹತ್ತಿಸಿದ. ಅಲ್ಲಿನ ಮಕ್ಕಳ ಡಾಕ್ಟರು ಕೂಸಿನ ಎದೆಬಡಿತ, ರಕ್ತದ ಸಕ್ಕರೆ ಎಲ್ಲ ನೋಡಿದರು. ಕಣ್ಣಿನ ಡಾಕ್ಟರಿಗೂ ತೋರಿಸಿದರು. ರಾಮವ್ವ ತಡೆಯಲಾರದೆ ಬದನೆಕಾಯಿಯ ಕಥೆ ಹೇಳಿಯೇಬಿಟ್ಟಳು.

"ಬದನಿಕಾಯಿಂದ ಪಲ್ಯ ಆಗತೈತಿ ಆಯಿ, ಕಲೆ ಆಗೂದಿಲ್ಲ," ಎಂದರು ಮಕ್ಕಳ ಡಾಕ್ಟರು. "ಸಣ್ಣ ಸಣ್ಣ ರಕ್ತನಾಳ ಒಂದ ಕಡೆ ಗುಂಪಾಗಿ ಬೆಳದಾವು. ಯಾರ ತಪ್ಪೂ ಅಲ್ಲ. ಬೆನ್ನ ಮ್ಯಾಲ ಇಷ್ಟ ಸಣ್ಣದಿದ್ದಿದ್ರ, ವರ್ಷ ಕಳೆದಂಗ ತಾನ ಕರಗತೈತಿ ಬಿಡ್ರಿ ಅಂತಿದ್ದೆ. ಕಣ್ಣಿನ ಮ್ಯಾಲ ಐತಿ, ಬಿಡಾಕ ಬರೂದಿಲ್ಲ. ಔಷಧಿ ಕೊಡ್ತೀನಿ. ಹಾಲು ಕುಡಿದ ಮ್ಯಾಲನ ಹಾಕ್ರಿ. ಕೂಸು ಹಾಲು ಬಿಟ್ರ, ವಾಂತಿ ಮಾಡಿದ್ರ, ಔಷಧಿ ನಿಲ್ಲಿಸಿ ನನಗ ಫೋನ್ ಮಾಡ್ರಿ."

'ಯಾರ ತಪ್ಪೂ ಅಲ್ಲ' ಎಂಬ ಮಾತಿಗೆ ವಿಜಯಲಕ್ಷ್ಮಿ ಅಲ್ಲೇ ಬಿಕ್ಕಿ ಅತ್ತಳು. ಕಲೆ ಮೂಡಿದಾಗಿನಿಂದ ಅವಳು ಬದನೆಕಾಯಿ ಮುಟ್ಟಿರಲಿಲ್ಲ. ರಾಮವ್ವನಿಗೆ ಸೊಸೆಯ ಮುಖ ನೋಡಲು ನಾಚಿಕೆಯಾಯಿತು.

ಮರಳುವ ಬಸ್ಸಿನಲ್ಲಿ ಅವಳು ತಾಳಿಸರದ ಪಿನ್ನು ತೆಗೆದು, ಕುಂಚಿಗೆಯನ್ನು ತೊಡೆಯ ಮೇಲೆ ಹರವಿಕೊಂಡು, ಆ ಪಟ್ಟಿಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ಬಸ್ಸು ಕುಲುಕಿದಾಗ ಎರಡು ಸಲ ಬೆರಳಿಗೆ ಚುಚ್ಚಿಕೊಂಡಳು. ಊರು ಬರುವಷ್ಟರಲ್ಲಿ ಪಟ್ಟಿ ಕೈಗೆ ಬಂದಿತ್ತು.

ಮುಂದೆ ಔಷಧಿಯ ಉಸ್ತುವಾರಿ ರಾಮವ್ವನದೇ. "ಹಾಲು ಕುಡದೈತೇನ? ಖರೆ ಹೇಳು" ಎಂದು ಸೊಸೆಯನ್ನು ದಿನವೂ ಕೇಳಿ ಕೇಳಿ ಬೇಸರ ಹುಟ್ಟಿಸಿದಳು. ಡಾಕ್ಟರು ಕರೆದಾಗಲೆಲ್ಲ ಅವಳೇ ಮೊದಲು ಬಸ್ಸು ಹತ್ತಿದಳು. ಐದು ತಿಂಗಳಲ್ಲಿ ಕಲೆ ಚಪ್ಪಟೆಯಾಗಿ ಮಾಸಿತು, ರೆಪ್ಪೆ ಮೇಲೆದ್ದಿತು.

ಒಂದು ಮಧ್ಯಾಹ್ನ ಸೀತವ್ವ ಬಂದವಳು ಕೂಸಿನ ಮುಖ ನೋಡಿ, "ಕಲೆ ಪೂರಾ ಹೋಗಿಲ್ಲಲ್ಲ ರಾಮವ್ವ?" ಎಂದಳು.

"ಹೋಗಿಲ್ಲ. ಹೋದಾಗ ಹೋಗಲಿ. ಕುಂಡ್ರು, ಉಣ್ಣು," ಎಂದು ರಾಮವ್ವ ಬಿಸಿ ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಬಡಿಸಿದಳು. "ನಮ್ಮ ವಿಜಿ ಹೆಚ್ಚಿದ್ದು."

ಸೀತವ್ವನ ಕೈ ಅರ್ಧಕ್ಕೇ ನಿಂತಿತು. ಒಲೆಯ ಮುಂದಿದ್ದ ವಿಜಯಲಕ್ಷ್ಮಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಸೀತವ್ವನೂ ನಕ್ಕು ತುತ್ತು ಎತ್ತಿದಳು. ಅಜ್ಜಿಯ ತೊಡೆಯ ಮೇಲಿದ್ದ ಮಾಯಕ್ಕ, ಎರಡೂ ಕಣ್ಣರಳಿಸಿ, ಸೀತವ್ವನ ಬಾಯಿಗೆ ಹೋಗುವ ತುತ್ತನ್ನೇ ನೋಡುತ್ತಿದ್ದಳು.